ಓದುಗರ ಪ್ರಶ್ನೆ, ನಮ್ಮ ಉತ್ತರ: ಹೆಣ್ಣೆಂದು ಹೇಳಿಕೊಳ್ಳಲು ಯಾರ ಅಪ್ಪಣೆ?

ಈ ಸಂಚಿಕೆಗೆ ಆರಿಸಿದ ನಾಲ್ಕು ಪತ್ರಗಳು ತುಮಕೂರು, ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳಿಂದ ಬಂದಿವೆ. ಟ್ರಾನ್ಸ್‌ಜೆಂಡರ್ ಮಹಿಳೆಯೊಬ್ಬರು ತಾನು ಹೆಣ್ಣು ಎಂದಾಗ ಆ ಮಾತನ್ನೇ ಸಾಕ್ಷಿಯೆಂದು ಒಪ್ಪಬೇಕೆ, ಮತ್ತು ಈ ವಿಚಾರದಲ್ಲಿ ಮಹಿಳಾ ಚಳವಳಿ ಎಲ್ಲಿ ನಿಲ್ಲಬೇಕು ಎಂಬುದೇ ನಾಲ್ಕರ ವಿಷಯವೂ ಆಗಿದೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ತುಮಕೂರಿನಲ್ಲಿ ಮನೆಗೆಲಸದವರು ಹಾಗೂ ಗಾರ್ಮೆಂಟ್ಸ್ ಕೆಲಸಗಾರ್ತಿಯರ ನಡುವೆ ಕೆಲಸ ಮಾಡುವ ಮಹಿಳಾ ಸಂಘಟನೆಯೊಂದರ ಕಾರ್ಯದರ್ಶಿ ನಾನು. ಕ್ಯಾತ್ಸಂದ್ರದ ಕಡೆ ವಾಸವಿರುವ ಟ್ರಾನ್ಸ್‌ಜೆಂಡರ್ ಮಹಿಳೆಯೊಬ್ಬರು ಸದಸ್ಯತ್ವ ಕೇಳಿದ್ದಾರೆ. ಸಮಿತಿಯಲ್ಲಿ ಕೆಲವರು ಸೇರಿಸಿಕೊಳ್ಳೋಣ ಎನ್ನುತ್ತಾರೆ. ಇನ್ನು ಕೆಲವರು ಆಪರೇಷನ್ ಆಗಿದೆಯೇ ಎಂದು ಮೊದಲು ಕೇಳಿ, ಸರ್ಟಿಫಿಕೇಟ್ ತರಲಿ ಎನ್ನುತ್ತಾರೆ. ಸದಸ್ಯೆಯೊಬ್ಬರ ಮಗಳು ಕಾನೂನು ಓದುತ್ತಿದ್ದಾಳೆ. ಹೆಣ್ಣೆಂದರೆ ಹುಟ್ಟಿನಿಂದ ಹೆಣ್ಣಾದವಳು ಮಾತ್ರ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿದೆ, ಆ ಮೊಕದ್ದಮೆ ಹೂಡಿದವರೂ ಸ್ತ್ರೀವಾದಿಗಳೇ ಎಂದು ಅವಳು ತಿಳಿಸಿದ ಮೇಲೆ ಗೊಂದಲ ಹೆಚ್ಚಿತು. ನಮಗೆ ಯಾರ ಮೇಲೂ ದ್ವೇಷವಿಲ್ಲ. ಆದರೆ ಹೆಣ್ಣುಮಕ್ಕಳು ಕಷ್ಟಪಟ್ಟು ಗಳಿಸಿದ ಜಾಗವನ್ನು ನಾವೇ ಬಿಟ್ಟುಕೊಟ್ಟಂತೆ ಆಗುವುದಿಲ್ಲವೆ?

ಉತ್ತರ: ಸೇರಿಸಿಕೊಳ್ಳಿ, ಮತ್ತು ಆಪರೇಷನ್ ಬಗ್ಗೆ ದಯವಿಟ್ಟು ಕೇಳಬೇಡಿ. ಸೇರಿಸಿಕೊಳ್ಳಿ ಎನ್ನುವುದಕ್ಕೆ ಕಾರಣ ಅನುಕಂಪ ಎಂದು ನಿಮ್ಮ ಸದಸ್ಯೆಯರು ತಿಳಿಯಬಾರದು. ನನ್ನ ಮಟ್ಟಿಗೆ ಅದಕ್ಕಿಂತ ಗಟ್ಟಿಯಾದ ಕಾರಣವೊಂದಿದೆ: ಹೆಣ್ಣಿನ ಮಾತನ್ನು ನಂಬದೆ ಅವಳ ಮೈಯನ್ನು ಪರೀಕ್ಷಿಸಿ ಸತ್ಯವನ್ನು ತೀರ್ಮಾನಿಸುವ ಪದ್ಧತಿಯ ವಿರುದ್ಧವೇ ಈ ದೇಶದ ಮಹಿಳಾ ಚಳವಳಿ ಹುಟ್ಟಿ ಬೆಳೆದದ್ದು. ಅದೇ ಪರೀಕ್ಷೆಯನ್ನು ಇನ್ನೊಬ್ಬರಿಗೆ ವಿಧಿಸುವ ಅಧಿಕಾರವನ್ನು ಚಳವಳಿ ತಾನೇ ಕೈಗೆ ತೆಗೆದುಕೊಂಡರೆ ಅದರ ಬುನಾದಿಯೇ ಅಲ್ಲಾಡುತ್ತದೆ.

ಇದು ಹಳೆಯ ಕಥೆ. 1868ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತು. ಹೆಸರು ಆರೋಗ್ಯದ್ದಾದರೂ ಕೆಲಸ ಬೇರೆಯಾಗಿತ್ತು. ದಂಡಿನ ಸಿಪಾಯಿಗಳಿಗೆ ಲೈಂಗಿಕ ರೋಗ ತಗುಲದಿರಲಿ ಎಂದು ವೇಶ್ಯೆಯರೆನಿಸಿಕೊಂಡ ಹೆಂಗಸರನ್ನು ದಫ್ತರಿನಲ್ಲಿ ನೋಂದಾಯಿಸಿ, ಒತ್ತಾಯದಿಂದ ವೈದ್ಯಕೀಯ ತಪಾಸಣೆ ಮಾಡುವುದಕ್ಕೆ ಅದು ಅವಕಾಶ ಕೊಟ್ಟಿತು. ಮೂರು ವರ್ಷಗಳ ನಂತರ, 1871ರ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ ಹಿಜ್ರಾಗಳನ್ನು ಅದೇ ರೀತಿ ದಫ್ತರಿಗೆ ಸೇರಿಸಿತು. ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಹಾಡಿ ಕುಣಿದರೆ ಬಂಧಿಸುವ ಅಧಿಕಾರವನ್ನೂ ಕೊಟ್ಟಿತು. ಮೊದಲನೆಯ ಕಾಯ್ದೆ 1888ರಲ್ಲಿ ರದ್ದಾಯಿತು. ಎರಡನೆಯದರ ನೆರಳು ನಮ್ಮ ರಾಜ್ಯದಲ್ಲೇ 2011ರಲ್ಲಿ ಮತ್ತೆ ಬಿದ್ದಿತು: ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಸೆಕ್ಷನ್, ಈ ಸಮುದಾಯದವರ ಪಟ್ಟಿ ಇಟ್ಟುಕೊಂಡು ಅವರ ಮೇಲೆ ಕಣ್ಣಿಡುವ ಅಧಿಕಾರವನ್ನು ಪೊಲೀಸ್ ಕಮಿಷನರಿಗೆ ನೀಡಿತ್ತು. ಅದರ ವಿರುದ್ಧ ಹೈಕೋರ್ಟಿನಲ್ಲಿ ಹೋರಾಟ ನಡೆದು, 2016ರಲ್ಲಿ ಸಮುದಾಯದ ಹೆಸರು ಆ ಸೆಕ್ಷನ್ನಿನಿಂದ ಹೊರಬಿದ್ದಿತು.

ಸ್ವತಂತ್ರ ಭಾರತದಲ್ಲಿ ಮಹಿಳಾ ಚಳವಳಿ ಮತ್ತೆ ಎದ್ದು ನಿಂತದ್ದು ಮಥುರಾ ಪ್ರಕರಣದಿಂದ ಎಂಬುದು ನಿಮ್ಮ ಹಿರಿಯ ಸದಸ್ಯೆಯರಿಗೆ ಗೊತ್ತಿರುತ್ತದೆ. ಮಹಾರಾಷ್ಟ್ರದ ಪೊಲೀಸ್ ಠಾಣೆಯಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ಮೊಕದ್ದಮೆಯಲ್ಲಿ, ಅವಳ ಮೈಮೇಲೆ ಗಾಯದ ಗುರುತಿಲ್ಲ ಎಂಬುದನ್ನು ಮುಂದಿಟ್ಟು ಸುಪ್ರೀಂ ಕೋರ್ಟ್ ಪೊಲೀಸರನ್ನು ಬಿಡುಗಡೆ ಮಾಡಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಅದನ್ನು ಪ್ರಶ್ನಿಸಿ ಬಹಿರಂಗ ಪತ್ರ ಬರೆದರು, ದೇಶದ ಹಲವು ನಗರಗಳಲ್ಲಿ ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. ಅತ್ಯಾಚಾರಕ್ಕೊಳಗಾದವಳಿಗೆ ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆ ಘನತೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು; ಆದರೂ ಅದು ನಿಲ್ಲಲಿಲ್ಲವಾಗಿ, 2022ರಲ್ಲಿ ಮತ್ತೊಮ್ಮೆ, ಅಂಥ ಪರೀಕ್ಷೆ ಮಾಡಿದವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು ಎಚ್ಚರಿಸಬೇಕಾಯಿತು. ಇಷ್ಟೆಲ್ಲ ನಡೆದ ಮೇಲೆ, ನಿಮ್ಮ ಸಂಘಟನೆಯ ಬಾಗಿಲಲ್ಲಿ ನಿಂತ ಒಬ್ಬರಿಗೆ ಸೀರೆಯ ಒಳಗೆ ಏನಿದೆ ಎಂದು ಕೇಳುವುದು ಸರಿಯೆ ಎಂದು ಸಮಿತಿಯಲ್ಲಿ ಚರ್ಚಿಸಿ.

ಇಂಥ ತಪಾಸಣೆ ಆರಂಭವಾದರೆ ಅದು ಟ್ರಾನ್ಸ್‌ಜೆಂಡರ್ ಮಹಿಳೆಯರಿಗೆ ಮಾತ್ರ ಸೀಮಿತವಾಗಿ ಉಳಿಯುವುದೂ ಇಲ್ಲ. ತಮಿಳುನಾಡಿನ ಬಡ ಕುಟುಂಬದಿಂದ ಬಂದ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಬಳಿಕ ನಡೆದ ಲಿಂಗ ಪರೀಕ್ಷೆಯ ಹೆಸರಿನಲ್ಲಿ ಆ ಪದಕ ಹೋಯಿತು. ಒಡಿಶಾದ ದ್ಯುತಿ ಚಂದ್ 2014ರಲ್ಲಿ ಇದೇ ಕಾರಣಕ್ಕೆ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ಹೊರಬಿದ್ದರು, ಮತ್ತು ಕ್ರೀಡಾ ನ್ಯಾಯಮಂಡಳಿಗೆ ಹೋಗಿ 2015ರಲ್ಲಿ ಗೆದ್ದು ಬಂದರು. ಇಬ್ಬರೂ ಹೆಣ್ಣುಮಕ್ಕಳಾಗಿ ಹುಟ್ಟಿ, ಹೆಣ್ಣುಮಕ್ಕಳಾಗಿ ಬೆಳೆದವರು. ಯಾರು ಸಾಕಷ್ಟು ಹೆಣ್ಣು ಎಂದು ಅಳೆಯಲು ಹೊರಟಾಗ ಎತ್ತರವಾಗಿರುವವಳು, ಗಡಸು ದನಿಯವಳು, ಮೀಸೆಯ ಜಾಗದಲ್ಲಿ ಕೂದಲಿರುವವಳು, ಕೂಲಿ ಮಾಡಿ ತೋಳು ಗಟ್ಟಿಯಾದವಳು ಮೊದಲು ಸಿಕ್ಕಿಬೀಳುತ್ತಾರೆ. ನಿಮ್ಮ ಸದಸ್ಯೆಯರಲ್ಲಿ ಅಂಥವರು ಕಡಿಮೆಯಿಲ್ಲವೆಂದು ನನ್ನ ಊಹೆ.

ಇನ್ನು ಕಾನೂನು. 2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ವ್ಯಕ್ತಿ ತನ್ನನ್ನು ಹೆಣ್ಣು, ಗಂಡು ಅಥವಾ ತೃತೀಯ ಲಿಂಗಿ ಎಂದು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಅದಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯ ಮಾಡುವುದು ಅನೈತಿಕವೂ ಕಾನೂನುಬಾಹಿರವೂ ಹೌದು ಎಂದಿತು. ಆದರೆ 2016ರಲ್ಲಿ ಕೇಂದ್ರ ಸರ್ಕಾರ ತಂದ ಮಸೂದೆಯಲ್ಲಿ ಮುಖ್ಯ ವೈದ್ಯಾಧಿಕಾರಿ, ಮನೋವೈದ್ಯರು ಮೊದಲಾದವರನ್ನೊಳಗೊಂಡ ಜಿಲ್ಲಾ ತಪಾಸಣಾ ಸಮಿತಿಯೊಂದು ಕಾಣಿಸಿಕೊಂಡಿತು. ಅದನ್ನು ಟ್ರಾನ್ಸ್‌ಜೆಂಡರ್ ಸಮುದಾಯ ಬೀದಿಯಲ್ಲಿ ವಿರೋಧಿಸಿದಾಗ ಸ್ತ್ರೀವಾದಿ ಗುಂಪುಗಳು ಜೊತೆಗಿದ್ದವು. 2019ರ ಮಸೂದೆಯಲ್ಲಿ ಆ ಸಮಿತಿ ಇರಲಿಲ್ಲ. ಆ ವರ್ಷ ಸಂಸತ್ತು ಒಪ್ಪಿದ ಕಾಯ್ದೆ, ಸ್ವಯಂ ಭಾವಿಸಿದ ಲಿಂಗತ್ವದ ಹಕ್ಕನ್ನು 4ನೆಯ ಸೆಕ್ಷನ್ನಿನಲ್ಲಿ ಬರೆದು, ಟ್ರಾನ್ಸ್‌ಜೆಂಡರ್ ಎಂಬ ಪ್ರಮಾಣಪತ್ರಕ್ಕೆ ಜಿಲ್ಲಾಧಿಕಾರಿಯ ಬಳಿಗೂ, ಹೆಣ್ಣು ಅಥವಾ ಗಂಡು ಎಂಬ ಪ್ರಮಾಣಪತ್ರಕ್ಕೆ ಶಸ್ತ್ರಚಿಕಿತ್ಸೆಯ ದಾಖಲೆಯೊಂದಿಗೆ ಮತ್ತೆ ಅದೇ ಕಚೇರಿಗೂ ಕಳಿಸಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ ಈ ಏರ್ಪಾಡನ್ನು ಸಮುದಾಯವೂ ಅನೇಕ ಸ್ತ್ರೀವಾದಿಗಳೂ ಒಪ್ಪಲಿಲ್ಲ. ಏನೇ ಇರಲಿ, ಈ ಪ್ರಮಾಣಪತ್ರಗಳು ಸರ್ಕಾರಿ ಸೌಲಭ್ಯಗಳಿಗೆ ಮತ್ತು ಗುರುತಿನ ದಾಖಲೆಗಳಿಗೆ ಸಂಬಂಧಿಸಿದವು. ಒಂದು ಸಂಘಟನೆ ತನ್ನ ಸದಸ್ಯೆಯನ್ನು ಆರಿಸಿಕೊಳ್ಳಲು ಅವು ಬೇಕೆಂದು ಯಾವ ಕಾನೂನೂ ಹೇಳಿಲ್ಲ; ನೀವು ಉಳಿದ ಸದಸ್ಯೆಯರಿಂದ ಜನನ ಪ್ರಮಾಣಪತ್ರ ಕೇಳಿರಲಾರಿರಿ.

ಕಾನೂನು ಓದುವ ಹುಡುಗಿ ಹೇಳಿದ್ದು ಸುಳ್ಳಲ್ಲ. 2025ರ ಏಪ್ರಿಲ್ 16ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್, ಅಲ್ಲಿನ 2010ರ ಸಮಾನತಾ ಕಾಯ್ದೆಯ ಮಟ್ಟಿಗೆ ಹೆಣ್ಣು ಎಂದರೆ ಜೈವಿಕವಾಗಿ ಹೆಣ್ಣು ಎಂದು ಅರ್ಥೈಸಿತು. ಸ್ಕಾಟ್ಲೆಂಡಿನ ಸಾರ್ವಜನಿಕ ಮಂಡಳಿಗಳಲ್ಲಿ ಮಹಿಳಾ ಪ್ರಾತಿನಿಧ್ಯ ಕುರಿತ 2018ರ ಕಾನೂನಿನಿಂದ ಎದ್ದ ವ್ಯಾಜ್ಯ ಅದು. ಫಾರ್ ವಿಮೆನ್ ಸ್ಕಾಟ್ಲೆಂಡ್ ಎಂಬ ಗುಂಪು ಅದನ್ನು ಹೂಡಿತ್ತು. ಅದೇ ತೀರ್ಪು, ಟ್ರಾನ್ಸ್‌ಜೆಂಡರ್ ಜನರಿಗೆ ತಾರತಮ್ಯದ ವಿರುದ್ಧ ಆ ಕಾಯ್ದೆಯಲ್ಲಿರುವ ಪ್ರತ್ಯೇಕ ರಕ್ಷಣೆ ಹಾಗೆಯೇ ಇದೆ ಎಂದೂ ಹೇಳಿದೆ. ಅದಕ್ಕೆ ಮುನ್ನ 2022ರ ಡಿಸೆಂಬರಿನಲ್ಲಿ ಸ್ವಯಂ ಘೋಷಣೆಗೆ, ಅಂದರೆ ವೈದ್ಯರ ಪ್ರಮಾಣಪತ್ರವಿಲ್ಲದೆ ತನ್ನ ಲಿಂಗವನ್ನು ತಾನೇ ಹೇಳಿಕೊಳ್ಳುವುದಕ್ಕೆ, ದಾರಿ ಮಾಡುವ ಮಸೂದೆಯನ್ನು ಸ್ಕಾಟ್ಲೆಂಡಿನ ಸಂಸತ್ತು ಒಪ್ಪಿದ್ದಾಗ, ಮುಂದಿನ ತಿಂಗಳೇ ಲಂಡನ್ನಿನ ಸರ್ಕಾರ ಅದನ್ನು ತಡೆದಿತ್ತು. ಹಾಗಾಗಿ ಬ್ರಿಟನ್ನಿನ ಸ್ತ್ರೀವಾದಿಗಳಲ್ಲಿ ಬಿರುಕು ಇರುವುದು ನಿಜ, ಅದು ಆಳವಾದದ್ದೂ ನಿಜ. ಆದರೆ ಅದು ಸ್ತ್ರೀವಾದದ ಏಕೈಕ ದನಿಯಲ್ಲ. ಪಕ್ಕದ ಐರ್ಲೆಂಡ್ 2015ರಲ್ಲಿಯೇ ವಯಸ್ಕರಿಗೆ ಸ್ವಯಂ ಘೋಷಣೆಯ ಹಕ್ಕು ಕೊಟ್ಟಿತು. ಸ್ವಯಂ ಘೋಷಣೆಯನ್ನು ವಿರೋಧಿಸುವ ಬ್ರಿಟನ್ನಿನ ಗುಂಪುಗಳು 2018ರಲ್ಲಿ ಅಲ್ಲಿಗೆ ಸಭೆ ನಡೆಸಲು ಹೊರಟಾಗ ಐರಿಷ್ ಸ್ತ್ರೀವಾದಿಗಳು, ನಿಮ್ಮ ಪಾಠ ನಮಗೆ ಬೇಡ ಎಂಬರ್ಥದ ಬಹಿರಂಗ ಪತ್ರ ಬರೆದರು. ಗರ್ಭಪಾತದ ಹಕ್ಕಿಗಾಗಿ ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿ ಜನಮತ ನಡೆಯಿತು. ಆ ಹೋರಾಟದಲ್ಲಿ ಟ್ರಾನ್ಸ್‌ಜೆಂಡರ್ ಜನರೂ ದುಡಿದಿದ್ದರು. ಅರ್ಜೆಂಟೀನಾದಲ್ಲಿ 2012ರಿಂದ ವೈದ್ಯರ ಚೀಟಿಯಾಗಲಿ ಕೋರ್ಟಿನ ಆದೇಶವಾಗಲಿ ಇಲ್ಲದೆ ದಾಖಲೆ ಬದಲಿಸಿಕೊಳ್ಳಬಹುದು. 2020ರ ಕೊನೆಗೆ ಆ ದೇಶ ಗರ್ಭಪಾತವನ್ನು ಕಾನೂನುಬದ್ಧಗೊಳಿಸಿದಾಗ, ಆ ಚಳವಳಿಯ ಗುರುತಾದ ಹಸಿರು ವಸ್ತ್ರ ಕಟ್ಟಿಕೊಂಡು ಬೀದಿಗಿಳಿದವರಲ್ಲಿ ಹೆಣ್ಣಾಗಿ ಹುಟ್ಟಿದವರೂ ಟ್ರಾನ್ಸ್‌ಜೆಂಡರ್ ಜನರೂ ಇದ್ದರು.

ನಿಮ್ಮ ಸಮಿತಿಯಲ್ಲಿ ಅಳುಕು ತೋಡಿಕೊಂಡವರನ್ನು ಹಿಂದುಳಿದವರೆಂದು ಗದರಿಸಬೇಡಿ. ಗಂಡನ ಏಟು ತಿಂದವಳಿಗೆ, ಫ್ಯಾಕ್ಟರಿಯಲ್ಲಿ ಸೂಪರ್‌ವೈಸರನ ಕಾಟ ಅನುಭವಿಸಿದವಳಿಗೆ, ಹೆಣ್ಣುಮಕ್ಕಳೇ ಇರುವ ಕೋಣೆಯ ಬೆಲೆ ಗೊತ್ತು. ಆ ಕೋಣೆಯನ್ನು ಕಾಯುವುದು ನಡತೆಯ ನಿಯಮದಿಂದ ಆಗಬೇಕು: ಯಾರೇ ಇರಲಿ, ಕಿರುಕುಳ ಕೊಟ್ಟರೆ ಹೊರಗೆ. ಕ್ರೀಡೆಯಂಥ ಒಂದೆರಡು ಕ್ಷೇತ್ರಗಳಲ್ಲಿ ಪ್ರತ್ಯೇಕ ನಿಯಮಗಳು ಬೇಕಾಗಬಹುದು ಎಂಬುದನ್ನು ನಾನು ಒಪ್ಪುತ್ತೇನೆ. ಅದರ ಚರ್ಚೆ ಆ ಕ್ಷೇತ್ರಕ್ಕೆ ಸೇರಿದ್ದು. ಮನೆಗೆಲಸದವರ ಕೂಲಿ, ವಾರದ ರಜೆ, ಪಿಎಫ್ ಕುರಿತು ಮಾತನಾಡುವ ಸಭೆಗೆ ಓಟದ ಮೈದಾನದ ನಿಯಮವನ್ನು ತರಬೇಕಾಗಿಲ್ಲ.

ಪ್ರಶ್ನೆ: ನಾನು ಶಿಡ್ಲಘಟ್ಟದ ನಿವೃತ್ತ ಶಿಕ್ಷಕ. ಸ್ವಯಂ ಘೋಷಣೆ ಸಾಕು ಎಂದಾದರೆ ನಾಳೆ ಗಂಡಸರು ಹೆಣ್ಣೆಂದು ಹೇಳಿಕೊಂಡು ಬಸ್ಸಿನಲ್ಲಿ ಉಚಿತವಾಗಿ ಓಡಾಡುವುದಿಲ್ಲವೆ? ಮೀಸಲಾತಿಯನ್ನೂ ಕಬಳಿಸುವುದಿಲ್ಲವೆ?

ಉತ್ತರ: ಮೇಷ್ಟ್ರೇ, ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾದಾಗಲೇ ಅದು ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಅನ್ವಯಿಸುತ್ತಿತ್ತು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಟಿಕೆಟ್ಟಿನ ಹಣ ಉಳಿಸಲು ಸೀರೆಯುಟ್ಟು, ಗೂಡಿನ ಮಾರುಕಟ್ಟೆಯ ಪರಿಚಿತರ ಕಣ್ಣೆದುರು ಶೂನ್ಯ ಟಿಕೆಟ್ ಕೇಳಿದ ಗಂಡಸನ್ನು ನೀವು ಕಂಡಿದ್ದರೆ ನಮಗೆ ಬರೆಯಿರಿ. ಟ್ರಾನ್ಸ್‌ಜೆಂಡರ್ ಮಹಿಳೆ ಎಂದು ಹೇಳಿಕೊಂಡವರಿಗೆ ನಮ್ಮ ಊರುಗಳಲ್ಲಿ ಮನೆ ಬಾಡಿಗೆಗೆ ಸಿಗುವುದಿಲ್ಲ, ಕೆಲಸ ಸಿಗುವುದಿಲ್ಲ, ಹೆತ್ತವರೇ ಹೊರಗೆ ಹಾಕುತ್ತಾರೆ. ಇಷ್ಟು ಬೆಲೆ ತೆತ್ತು ಯಾರೂ ಬಸ್ ಚಾರ್ಜು ಉಳಿಸುವುದಿಲ್ಲ.

ಮೀಸಲಾತಿಯ ಮಾತು ಬೇರೆ. ಕರ್ನಾಟಕ ಸರ್ಕಾರ 2021ರಲ್ಲಿ, ದೇಶದಲ್ಲಿಯೇ ಮೊದಲ ಬಾರಿಗೆ, ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇ 1ರಷ್ಟು ಸಮತಲ ಮೀಸಲಾತಿ ಕೊಟ್ಟಿತು. ಸಮತಲ ಎಂದರೆ ಪರಿಶಿಷ್ಟ ಜಾತಿ, ಹಿಂದುಳಿದ ವರ್ಗ, ಸಾಮಾನ್ಯ ವರ್ಗ ಹೀಗೆ ಪ್ರತಿಯೊಂದರ ಒಳಗೂ ಆ ಪಾಲು ಇರುತ್ತದೆ. ಅದು ಮಹಿಳಾ ಮೀಸಲಾತಿಯಿಂದ ಕಿತ್ತು ಕೊಟ್ಟದ್ದಲ್ಲ, ಪ್ರತ್ಯೇಕವಾದದ್ದು. ಸುಳ್ಳು ಹೇಳಿ ಸೌಲಭ್ಯ ಪಡೆದವರನ್ನು ಶಿಕ್ಷಿಸಲು ಈಗಿರುವ ಕಾನೂನುಗಳೇ ಸಾಕು. ಸುಳ್ಳು ಜಾತಿ ಪ್ರಮಾಣಪತ್ರ ಪಡೆದವರಿದ್ದಾರೆ ಎಂದು ಯಾರೂ ಪರಿಶಿಷ್ಟರ ಮೀಸಲಾತಿಯನ್ನು ರದ್ದು ಮಾಡಿ ಎನ್ನಲಾಗದು.

ಪ್ರಶ್ನೆ: ಮುಳಬಾಗಿಲು ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರಲ್ಲಿ ಸದಸ್ಯೆಯಾಗಿದ್ದೆ. ಮುಂದಿನ ಚುನಾವಣೆಯಲ್ಲಿ ನಮ್ಮ ಊರಿನ ಟ್ರಾನ್ಸ್‌ಜೆಂಡರ್ ಮಹಿಳೆಯೊಬ್ಬರು ಮಹಿಳಾ ಮೀಸಲು ಸ್ಥಾನಕ್ಕೆ ನಿಲ್ಲಬೇಕೆಂದಿದ್ದಾರೆ. ನಿಲ್ಲಬಹುದೆ? ಹೆಂಗಸರಾದ ನಾವು ಅದನ್ನು ಬೆಂಬಲಿಸಬೇಕೆ?

ಉತ್ತರ: ಮೊದಲ ಪ್ರಶ್ನೆಗೆ ನೆರೆಯ ರಾಜ್ಯದ ಉದಾಹರಣೆಯೊಂದಿದೆ. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಹಿಳಾ ಮೀಸಲು ವಾರ್ಡಿಗೆ ಟ್ರಾನ್ಸ್‌ಜೆಂಡರ್ ಮಹಿಳೆಯೊಬ್ಬರು ನಾಮಪತ್ರ ಸಲ್ಲಿಸಿದಾಗ ಚುನಾವಣಾಧಿಕಾರಿ ತಿರಸ್ಕರಿಸಿದ್ದರು. ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರ ಜನವರಿಯಲ್ಲಿ ಆ ತಿರಸ್ಕಾರವನ್ನು ರದ್ದು ಮಾಡಿತು. ತಾನು ಜೀವನಪರ್ಯಂತ ಹೆಣ್ಣೆಂಬ ಗುರುತನ್ನೇ ಆಯ್ದುಕೊಂಡಿದ್ದೇನೆ, ಅನುಕೂಲ ನೋಡಿ ಬದಲಿಸುವುದಿಲ್ಲ ಎಂದು ಆಕೆ ಕೊಟ್ಟ ಹೇಳಿಕೆಯನ್ನು ಕೋರ್ಟ್ ದಾಖಲಿಸಿಕೊಂಡಿತು. ಆಕೆ ಸ್ಪರ್ಧಿಸಿದರು, ಗೆದ್ದರು. ಕರ್ನಾಟಕದ ಚುನಾವಣಾಧಿಕಾರಿಗೆ ಬಾಂಬೆ ಹೈಕೋರ್ಟಿನ ತೀರ್ಪು ಕಟ್ಟಳೆಯಲ್ಲ, ಆದರೆ ತೂಕವುಳ್ಳ ಆಧಾರ. ನಿಮ್ಮ ಊರಿನವರು ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ ಏನು ದಾಖಲಾಗಿದೆ ಎಂಬುದನ್ನು ಈಗಲೇ ನೋಡಿಕೊಳ್ಳಬೇಕು, ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಅದು ಹೊಂದುವಂತೆ ಮಾಡಿಸಿಕೊಳ್ಳಬೇಕು. ಪ್ರಮಾಣಪತ್ರದ ನಿಯಮಗಳನ್ನು ಅರ್ಜಿ ಹಾಕುವ ಹೊತ್ತಿಗೆ ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ ಖಚಿತಪಡಿಸಿಕೊಳ್ಳಲಿ. ಅಲ್ಲಿ ಸಲಹೆಗೆ ಶುಲ್ಕವಿಲ್ಲ. ನಾಮಪತ್ರ ಪರಿಶೀಲನೆಯ ದಿನ ಆಕ್ಷೇಪಣೆ ಬಂದೇ ಬರುತ್ತದೆ ಎಂದುಕೊಂಡು ವಕೀಲರೊಬ್ಬರನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯ ಪ್ರಶ್ನೆಗೆ ಉತ್ತರಿಸುವುದು ಕಷ್ಟ. 1987ರಲ್ಲಿ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ನಾಲ್ಕನೆಯ ಒಂದು ಭಾಗವನ್ನು ಹೆಂಗಸರಿಗೆ ಮೀಸಲಿಟ್ಟು ಕರ್ನಾಟಕ ಇಡೀ ದೇಶಕ್ಕಿಂತ ಮುಂದೆ ನಡೆದಿತ್ತು. ಇಂದು ಆ ಪಾಲು ಅರ್ಧಕ್ಕೆ ಏರಿದೆ. ಹಾಗಿದ್ದರೂ ಎಷ್ಟೋ ಹಳ್ಳಿಗಳಲ್ಲಿ ಗೆದ್ದವಳು ಮನೆಯಲ್ಲಿರುತ್ತಾಳೆ, ಗಂಡ ಸಭೆಗೆ ಬರುತ್ತಾನೆ. ಆ ಅನುಭವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಹಿಳಾ ಸ್ಥಾನವನ್ನು ನುಂಗಿದವರು ಇಲ್ಲಿಯವರೆಗೆ ಸದಸ್ಯೆಯರ ಗಂಡಂದಿರು, ಮೈದುನಂದಿರು. ಹೀಗಿರುವಾಗ ತನ್ನ ಹೆಸರಿನಲ್ಲಿ ತಾನೇ ನಿಂತು, ತಾನೇ ಸಭೆಯಲ್ಲಿ ಕೂರಲು ಸಿದ್ಧಳಿರುವ ಅಭ್ಯರ್ಥಿಯಿಂದ ಹೆಂಗಸರಿಗೆ ನಷ್ಟ ಎಂಬ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ಬೆಂಬಲ ಎನ್ನುವುದು ಗುರುತಿಗೆ ಮಾತ್ರ ಕೊಡುವಂಥದ್ದಲ್ಲ. ಕುಡಿಯುವ ನೀರಿನ ಫ್ಲೋರೈಡ್, ನರೇಗಾ ಕೂಲಿಯ ಬಾಕಿ, ಅಂಗನವಾಡಿಯ ಕಟ್ಟಡ ಇವುಗಳ ಬಗ್ಗೆ ಆಕೆ ಏನು ಮಾಡುವರೆಂದು ಕೇಳಿ. ಬೇರೆ ಅಭ್ಯರ್ಥಿಯನ್ನು ಕೇಳುವಷ್ಟೇ ಗಟ್ಟಿಯಾಗಿ ಕೇಳಿ. ಸಮಾಧಾನವಾಗದಿದ್ದರೆ ವೋಟು ಕೊಡಬೇಡಿ. ಸ್ಪರ್ಧಿಸುವ ಹಕ್ಕನ್ನು ಮಾತ್ರ ಕಿತ್ತುಕೊಳ್ಳಬೇಡಿ.

ಪ್ರಶ್ನೆ: ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಟ್ರಾನ್ಸ್‌ಜೆಂಡರ್ ಮಹಿಳೆ. ಮಾರ್ಚ್ 8 ಬಂತೆಂದರೆ ಹೆಂಗಸರ ಸಂಘಟನೆಯವರು ಮೆರವಣಿಗೆಗೆ ಕರೆಯುತ್ತಾರೆ, ಬ್ಯಾನರ್ ಹಿಡಿಸುತ್ತಾರೆ, ಫೋಟೊ ತೆಗೆಯುತ್ತಾರೆ. ಮೆರವಣಿಗೆಯ ಬೇಡಿಕೆಗಳನ್ನು ಬರೆಯುವ ಸಭೆಗೆ ಮಾತ್ರ ಕರೆಯುವುದಿಲ್ಲ. ಹೆಂಗಸರ ಸಹವಾಸ ನಮಗೇಕೆ, ನಮ್ಮ ದಾರಿ ನಮಗೆ ಎಂದು ನಮ್ಮ ಗುರು ಹೇಳುತ್ತಾರೆ. ಇದರಿಂದ ನಮಗೆ ಆದ ಲಾಭವಾದರೂ ಏನು?

ಉತ್ತರ: ನಿಮ್ಮ ದೂರು ನ್ಯಾಯವಾದದ್ದು, ಅದನ್ನು ಮೃದು ಮಾಡಲು ನಾನು ಹೋಗುವುದಿಲ್ಲ. ಟ್ರಾನ್ಸ್‌ಜೆಂಡರ್ ಮಹಿಳೆಯರು ತಮ್ಮೊಂದಿಗೆ ಪಾಲ್ಗೊಳ್ಳಬಹುದೆ ಎಂಬುದನ್ನು ದೇಶದ ಸ್ವಾಯತ್ತ ಮಹಿಳಾ ಗುಂಪುಗಳು 2006ರ ಕೊಲ್ಕತ್ತಾ ಸಮಾವೇಶದ ಹೊತ್ತಿಗೂ ಚರ್ಚಿಸುತ್ತಿದ್ದವು. ಇಷ್ಟು ವರ್ಷಗಳ ಮೇಲೂ ನಿಮ್ಮನ್ನು ಬ್ಯಾನರಿಗೆ ಮಾತ್ರ ಕರೆಯುತ್ತಾರೆ ಎಂದರೆ ಅದು ಸ್ನೇಹವಲ್ಲ. ಆದರೂ ಲಾಭವೇನು ಎಂಬ ನಿಮ್ಮ ಪ್ರಶ್ನೆಗೆ ಲೆಕ್ಕ ಕೊಡಬೇಕು.

ನಿಮ್ಮಂಥವರ ಮೇಲೆ ಠಾಣೆಗಳಲ್ಲಿ, ಬೀದಿಗಳಲ್ಲಿ ನಡೆಯುವ ಹಿಂಸೆಯನ್ನು ಬೆಂಗಳೂರಿನ ಹಿಜ್ರಾ ಮತ್ತು ಕೋತಿ (ಹೆಣ್ಣಿನ ಹಾವಭಾವವಿರುವ ಗಂಡಸರು ತಮಗೆ ಬಳಸಿಕೊಳ್ಳುವ ಹೆಸರು) ಲೈಂಗಿಕ ಕಾರ್ಯಕರ್ತರ ಮಾತಿನಲ್ಲೇ ದಾಖಲಿಸಿದ ವರದಿಯನ್ನು ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಶಾಖೆ 2003ರಲ್ಲಿ ಹೊರತಂದಿತು. ಆ ಕಾಲದಲ್ಲಿ ನಿಮ್ಮ ಸಮುದಾಯದವರು ಹೇಳಿದ್ದನ್ನು ಬರೆದುಕೊಳ್ಳಲು ಮಾನವ ಹಕ್ಕುಗಳ ಗುಂಪುಗಳನ್ನು ಬಿಟ್ಟರೆ ಹೆಚ್ಚು ಜನ ಇರಲಿಲ್ಲ. ಹತ್ತು ವರ್ಷಗಳ ಮೇಲೆ, ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರದ ಬಳಿಕ ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿ 2013ರ ಜನವರಿಯಲ್ಲಿ ವರದಿ ಕೊಟ್ಟಿತು. ಅದರ ಬೆನ್ನಿಗೇ ಬಂದ ಸುಗ್ರೀವಾಜ್ಞೆ, ಅತ್ಯಾಚಾರದ ಕಾನೂನಿನಲ್ಲಿ ಆರೋಪಿಯೂ ಸಂತ್ರಸ್ತರೂ ಯಾವ ಲಿಂಗದವರಾದರೂ ಆಗಬಹುದು ಎಂದು ಬರೆಯಿತು. ಹೀಗಾದರೆ ಅತ್ಯಾಚಾರದ ದೂರು ಕೊಟ್ಟ ಹೆಣ್ಣಿನ ಮೇಲೆಯೇ ಗಂಡಸು ಪ್ರತಿದೂರು ಹಾಕುತ್ತಾನೆ ಎಂದು ಮಹಿಳಾ ಸಂಘಟನೆಗಳು ಹೆದರಿದವು. ಆಗ ಎರಡೂ ಕಡೆಯವರು ಸೇರಿ ಕಂಡುಕೊಂಡ ನಿಲುವು ಇದು: ಆರೋಪಿ ಗಂಡಸೆಂದೇ ಇರಲಿ, ಸಂತ್ರಸ್ತರ ಸ್ಥಾನದಲ್ಲಿ ಹೆಣ್ಣಿನ ಜೊತೆಗೆ ಟ್ರಾನ್ಸ್‌ಜೆಂಡರ್ ವ್ಯಕ್ತಿಯೂ ಸೇರಲಿ. ಹೆಣ್ಣಿನ ರಕ್ಷಣೆಯನ್ನು ಕುಗ್ಗಿಸದೆ ನಿಮ್ಮ ರಕ್ಷಣೆಯನ್ನು ಹೆಚ್ಚಿಸುವ ಮಾತು ಅದು. ನನ್ನ ದೃಷ್ಟಿಯಲ್ಲಿ, ಈ ದೇಶದಲ್ಲಿ ಸ್ತ್ರೀವಾದಿಗಳೂ ಟ್ರಾನ್ಸ್‌ಜೆಂಡರ್ ಮಹಿಳೆಯರೂ ಕೂಡಿ ರೂಪಿಸಿದ ಅತ್ಯಂತ ವಿವೇಕದ ಬೇಡಿಕೆ ಅದೇ.

ಸಂಸತ್ತು ಅದನ್ನು ಕೇಳಲಿಲ್ಲ. ಸಂತ್ರಸ್ತೆ ಹೆಣ್ಣು ಮಾತ್ರ ಎಂದು 2013ರ ಕಾಯ್ದೆ ಹೇಳಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಸೆಕ್ಷನ್ನೂ ಅದನ್ನೇ ಉಳಿಸಿಕೊಂಡಿತು. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷ ಸೆರೆವಾಸ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ 18ನೆಯ ಸೆಕ್ಷನ್ನಿನಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಬರೆದ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಒಂದೇ ಗಾಯಕ್ಕೆ ಎರಡು ಬೆಲೆ. ನೀವು ಹೆಣ್ಣೆಂದು ಹೇಳಿದರೆ ಠಾಣೆಯಲ್ಲಿ ಒಪ್ಪುತ್ತಾರೆಯೆ ಎಂಬ ಪ್ರಶ್ನೆ ಇಲ್ಲಿ ಬರಿಯ ಮರ್ಯಾದೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಯಾವ ಸೆಕ್ಷನ್ ಹಾಕುತ್ತಾರೆ, ಆರೋಪಿ ಎಷ್ಟು ವರ್ಷ ಒಳಗಿರುತ್ತಾನೆ ಎಂಬುದನ್ನು ಅದು ನಿರ್ಧರಿಸುತ್ತದೆ.

ಕೋರ್ಟುಗಳಲ್ಲಿ ಬೇರೆ ಬಾಗಿಲುಗಳು ತೆರೆದಿವೆ. ಹಿಂದೂ ವಿವಾಹ ಕಾಯ್ದೆ ವಧು ಎನ್ನುವಲ್ಲಿ ಟ್ರಾನ್ಸ್‌ಜೆಂಡರ್ ಮಹಿಳೆಯೂ ಸೇರುತ್ತಾಳೆ ಎಂದು ಮದ್ರಾಸ್ ಹೈಕೋರ್ಟ್ 2019ರಲ್ಲಿ ಹೇಳಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಟ್ರಾನ್ಸ್‌ಜೆಂಡರ್ ಮಹಿಳೆ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಜೀವನಾಂಶ ಕೇಳಬಹುದು ಎಂದು ಬಾಂಬೆ ಹೈಕೋರ್ಟ್ 2023ರಲ್ಲಿ ತೀರ್ಮಾನಿಸಿತು. ಗಂಡ ಮತ್ತು ಅವನ ಮನೆಯವರ ಕಿರುಕುಳದ ವಿರುದ್ಧ ಹಿಂದಿನ ದಂಡ ಸಂಹಿತೆಯ 498ಎ ಸೆಕ್ಷನ್ ಅಡಿ ಟ್ರಾನ್ಸ್‌ಜೆಂಡರ್ ಮಹಿಳೆ ದೂರು ಕೊಡಬಹುದು, ಹೆರುವ ಶಕ್ತಿಯಿಲ್ಲ ಎಂಬ ಕಾರಣಕ್ಕೆ ಅವಳನ್ನು ಹೆಣ್ಣಲ್ಲ ಎನ್ನುವಂತಿಲ್ಲ ಎಂದು ಆಂಧ್ರಪ್ರದೇಶ ಹೈಕೋರ್ಟ್ 2025ರ ಜೂನಿನಲ್ಲಿ ಹೇಳಿತು. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯಿಂದ ತಳ್ಳಿಸಿಕೊಂಡ ನಮ್ಮ ಜಿಲ್ಲೆಗಳ ಸೊಸೆಯಂದಿರಿಗೆ ಈ ಕೊನೆಯ ವಾಕ್ಯ ಎಷ್ಟು ಬೇಕಾಗಿತ್ತು ಎಂಬುದನ್ನು ನಿಮ್ಮ ಜೊತೆ ಮೆರವಣಿಗೆಗೆ ಬಂದವರನ್ನೇ ಕೇಳಿ ನೋಡಿ. 498ಎ ಆಗಲಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಾಗಲಿ ಮಹಿಳಾ ಚಳವಳಿ ಧರಣಿ ಕೂತು ಪಡೆದವು. ಅವುಗಳ ಪಾಲು ನಿಮಗೂ ಬಂದಿದೆ, ಮತ್ತು ನೀವು ಕೋರ್ಟಿಗೆ ಹೋದದ್ದರಿಂದ ಆ ಕಾನೂನುಗಳ ಅರ್ಥ ಎಲ್ಲ ಹೆಂಗಸರಿಗೂ ಇನ್ನಷ್ಟು ವಿಶಾಲವಾಗಿದೆ. ನೀವು ಕೇಳಿದ ಲಾಭದ ಲೆಕ್ಕ ಇದು.

ಗುರುವಿನ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನೆಯವರು ಹೊರಹಾಕಿದಾಗ ಅನ್ನ ಮತ್ತು ಚಾಪೆ ಕೊಟ್ಟವರು ಅವರೇ. ಆದರೆ ಹೆಂಗಸರು ತಮ್ಮ ಮನೆಯ ಹಿರಿಯರನ್ನು ಪ್ರಶ್ನಿಸಲು ಕಲಿತಂತೆ, ಗುರುವಿನ ಜೊತೆ ಶಿಷ್ಯೆಯರು ಕೂಡಿ ಬಾಳುವ ಹಮಾಮಿನೊಳಗೆ ಚೇಲಾಗಳ, ಅಂದರೆ ಆ ಶಿಷ್ಯೆಯರ, ಸಂಪಾದನೆಯ ಪಾಲು, ದಂಡ, ಹೊಡೆತಗಳ ಕುರಿತೂ ಪ್ರಶ್ನೆಗಳಿವೆ. ಪಿಯುಸಿಎಲ್ ವರದಿಯೂ ಅವನ್ನು ಮುಚ್ಚಿಡಲಿಲ್ಲ. ಇದನ್ನು ಹೊರಗಿನವರು ಬಂದು ಪಾಠ ಮಾಡಲಾಗದು. ನಿಮ್ಮೊಳಗಿನ ಕಿರಿಯರು ಕೇಳಿದಾಗ ಅವರ ಬೆನ್ನಿಗೆ ನಿಲ್ಲುವ ಕೆಲಸವನ್ನು ಮಹಿಳಾ ಸಂಘಟನೆಗಳು ಮಾಡಬಲ್ಲವು. ಹಾಗೆಯೇ, ಹೆಣ್ಣಾಗಿ ಹುಟ್ಟಿ ಗಂಡೆಂದು ಗುರುತಿಸಿಕೊಳ್ಳುವ ಹುಡುಗರಿಗೆ ಹೋಗಿ ಸೇರಲು ಹಮಾಮೂ ಇಲ್ಲ. ಮನೆಯಲ್ಲಿ ಕೂಡಿಹಾಕಿ ಮದುವೆ ಮಾಡಿಬಿಡುತ್ತಾರೆ. ಅವರನ್ನು ಮುಟ್ಟುವ ದಾರಿ ಇರುವುದು ಮನೆಮನೆಗೆ ಹೋಗುವ ಹೆಂಗಸರ ಸಂಘಗಳಿಗೆ ಮಾತ್ರ. ನಿಮ್ಮ ಬೇಡಿಕೆಗಳಲ್ಲಿ ಅವರನ್ನೂ ಸೇರಿಸಿ.

ಮುಂದಿನ ಮಾರ್ಚ್ 8ರ ಆಹ್ವಾನ ಬಂದಾಗ, ಪೂರ್ವಭಾವಿ ಸಭೆಯ ದಿನಾಂಕ ಕೇಳಿ. ಹೇಳದಿದ್ದರೆ ಬ್ಯಾನರ್ ಹಿಡಿಯಲು ಹೋಗಬೇಡಿ. ಹೇಳಿದರೆ ಇಬ್ಬರನ್ನಾದರೂ ಕರೆದುಕೊಂಡು ಹೋಗಿ ಎರಡು ವಿಷಯಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಒಂದು, ಲಿಂಗತ್ವ ಅಲ್ಪಸಂಖ್ಯಾತರ ಪುನಶ್ಚೇತನ ಯೋಜನೆಯನ್ನು ನಮ್ಮ ರಾಜ್ಯದಲ್ಲಿ ಮಹಿಳಾ ಅಭಿವೃದ್ಧಿ ನಿಗಮವೇ ನಡೆಸುತ್ತದೆಯಾದ್ದರಿಂದ, ಸಂಘಟನೆಯವರು ತಮ್ಮ ಸದಸ್ಯೆಯರ ಸಾಲ, ಸಹಾಯಧನಕ್ಕೆ ಅಲ್ಲಿಗೆ ಹೋದಾಗ ನಿಮ್ಮ ಅರ್ಜಿಗಳ ಸ್ಥಿತಿಯನ್ನೂ ವಿಚಾರಿಸಲಿ. ಎರಡು, ನಿಮ್ಮಲ್ಲಿ ಯಾರ ಮೇಲಾದರೂ ರಾತ್ರಿ ಹಲ್ಲೆಯಾದರೆ ಠಾಣೆಗೆ ಜೊತೆಯಲ್ಲಿ ಬರುವ ಇಬ್ಬರು ಸದಸ್ಯೆಯರ ಹೆಸರೂ ಫೋನ್ ನಂಬರೂ ಅಂದೇ ನಿಶ್ಚಯವಾಗಲಿ. ಅವರ ಮನೆಯ ಹೆಣ್ಣುಮಗಳಿಗೆ ತೊಂದರೆಯಾದಾಗ ನಿಮ್ಮಲ್ಲಿ ಯಾರು ಹೋಗುವಿರಿ ಎಂಬುದನ್ನೂ ಅದೇ ಪುಟದಲ್ಲಿ ಬರೆಸಿ.